ಸೋರ್ಸ್ ಕೋಡಿನಿಂದ ಹಗುರ ವೆಬ್ ಸರ್ವರ್: ಕಟ್ಟುವ ಕೆಲಸ, ಕಾಯುವ ಹೊಣೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಶಾಲೆಗಳಿಗೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ಕಂಪ್ಯೂಟರುಗಳು ಒಂದೊಂದಾಗಿ ಬರುತ್ತಿವೆ. ಆದರೆ ಕಂಪ್ಯೂಟರ್ ಇದ್ದ ಮಾತ್ರಕ್ಕೆ ಇಂಟರ್‌ನೆಟ್ ದಿನವಿಡೀ ಸಿಗುತ್ತದೆಂದಾಗಲಿ, ಇಂಟರ್‌ನೆಟ್ ಸಿಕ್ಕ ಹೊತ್ತಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆಂದಾಗಲಿ ಹೇಳುವಂತಿಲ್ಲ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನ ಒಂದು ಗ್ರಂಥಾಲಯ ಪಠ್ಯಪುಸ್ತಕಗಳನ್ನೂ ಕನ್ನಡ ವಿಕಿಪೀಡಿಯವನ್ನೂ ಕೃಷಿ ಕೈಪಿಡಿಗಳನ್ನೂ ತನ್ನಲ್ಲೇ ಇಟ್ಟುಕೊಂಡು, ಹೊರಗಿನ ಸಂಪರ್ಕ ಕಡಿದಾಗಲೂ ಊರಿನವರ ಫೋನುಗಳಿಗೆ ವೈಫೈ ಮೂಲಕ ಒದಗಿಸಬೇಕೆಂದರೆ, ಅಲ್ಲಿಗೆ ಮೊದಲು ಬೇಕಾಗುವುದು ಒಂದು ವೆಬ್ ಸರ್ವರ್. ಬ್ರೌಸರ್ ಕಳುಹಿಸುವ ಕೋರಿಕೆಯನ್ನು ಓದಿ, ತಕ್ಕ ಕಡತವನ್ನು ಹುಡುಕಿ, ಅದು ಯಾವ ಬಗೆಯದೆಂದು ತಿಳಿಸುವ ತಲೆಬರಹವನ್ನು ಮುಂದಿಟ್ಟು, ಕಡತವನ್ನು ಹಿಂದೆಯೇ ಸಾಗಿಸುವ ತಂತ್ರಾಂಶಕ್ಕೆ ಈ ಹೆಸರಿದೆ. ಅಂಥ ತಂತ್ರಾಂಶವನ್ನು ಸಿದ್ಧರೂಪದಲ್ಲಿ ತರಿಸಿಕೊಳ್ಳುವುದೋ, ಅದರ ಸೋರ್ಸ್ ಕೋಡನ್ನು, ಎಂದರೆ ಮನುಷ್ಯರು ಓದಿ ತಿದ್ದಬಲ್ಲ ಮೂಲ ಬರವಣಿಗೆಯನ್ನು, ಪಡೆದು ತಾವೇ ಕಟ್ಟಿಕೊಳ್ಳುವುದೋ, ಕಟ್ಟಿಕೊಂಡರೆ ಯಾವುದನ್ನು, ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳನ್ನು ಈ ಲೇಖನ ಒಟ್ಟಾಗಿ ಪರಿಶೀಲಿಸುತ್ತದೆ.

ಹಗುರ ಸರ್ವರುಗಳು ಹುಟ್ಟಿದ ಬಗೆ

ಮೊದಲ ವೆಬ್ ಸರ್ವರನ್ನು ಟಿಮ್ ಬರ್ನರ್ಸ್-ಲೀ 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಬರೆದರು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದ ಸರ್ವರ್ ಬೇಗನೆ ಹರಡಿತು. ಅವರು ಆ ಕೇಂದ್ರವನ್ನು ಬಿಟ್ಟ ಮೇಲೆ ಅಲ್ಲಲ್ಲಿ ಅದನ್ನು ನಡೆಸುತ್ತಿದ್ದವರು ತಮ್ಮ ತಮ್ಮ ತಿದ್ದುಪಡಿಗಳನ್ನು ಒಂದುಗೂಡಿಸಿದ್ದರಿಂದ 1995ರಲ್ಲಿ ಅಪಾಚೆ ಸರ್ವರ್ ಹೊರಬಂತು. ಅಪಾಚೆಯ ಆರಂಭದ ರಚನೆಯಲ್ಲಿ ಒಂದು ಸಂಪರ್ಕಕ್ಕೆ ಒಂದು ಪ್ರಕ್ರಿಯೆ ಮೀಸಲಾಗುತ್ತಿತ್ತು. ಪ್ರಕ್ರಿಯೆ ಎಂದರೆ ತನ್ನದೇ ಮೆಮೊರಿಯೊಂದಿಗೆ ಓಡುತ್ತಿರುವ ಪ್ರೋಗ್ರಾಮಿನ ಒಂದು ಪ್ರತಿ. ಹತ್ತಿಪ್ಪತ್ತು ಜನ ಪುಟ ನೋಡುವಾಗ ಇದರಿಂದ ತೊಂದರೆಯಿಲ್ಲ, ಆದರೆ ಸಾವಿರಾರು ಜನ ಒಟ್ಟಿಗೆ ಬಂದಾಗ, ಅದರಲ್ಲೂ ನಿಧಾನವಾದ ಮೋಡೆಮ್ ಸಂಪರ್ಕದಿಂದ ಬಂದವರು ಒಂದೊಂದು ಪ್ರಕ್ರಿಯೆಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಾಗ, ಕೆಲಸ ಕಡಿಮೆಯಿದ್ದರೂ ಮೆಮೊರಿ ಮುಗಿದುಹೋಗುತ್ತಿತ್ತು.

ಈ ತೊಡಕನ್ನು 1999ರಲ್ಲಿ ತಂತ್ರಾಂಶ ಅಭಿವರ್ಧಕ ಡ್ಯಾನ್ ಕೆಗೆಲ್ ಸ್ಪಷ್ಟವಾಗಿ ಮುಂದಿಟ್ಟರು: ಒಂದೇ ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕಗಳನ್ನು ನಿಭಾಯಿಸುವುದು ಹೇಗೆ ಎಂಬ ಅವರ ಪ್ರಶ್ನೆ ಸಿ10ಕೆ ಸಮಸ್ಯೆ ಎಂದು ಹೆಸರಾಯಿತು. ಪರಿಹಾರದ ಅರ್ಧ ಭಾಗ ಕಾರ್ಯಾಚರಣ ವ್ಯವಸ್ಥೆಯಿಂದ ಬಂತು. 2000ದಲ್ಲಿ ಫ್ರೀಬಿಎಸ್‌ಡಿಯಲ್ಲಿ ಕೆಕ್ಯೂ, 2002ರಲ್ಲಿ ಲಿನಕ್ಸ್ ಕರ್ನೆಲ್ಲಿನಲ್ಲಿ, ಎಂದರೆ ಆ ವ್ಯವಸ್ಥೆಯ ತಿರುಳಿನಲ್ಲಿ, ಈಪೋಲ್ ಎಂಬ ಸೌಲಭ್ಯಗಳು ಸೇರಿದವು. ಸಾವಿರಾರು ಸಂಪರ್ಕಗಳಲ್ಲಿ ಸದ್ಯ ಯಾವುದರಲ್ಲಿ ಕೆಲಸವಿದೆ ಎಂಬುದನ್ನು ಕರ್ನೆಲ್ಲೇ ಪಟ್ಟಿಮಾಡಿ ಕೊಡುವುದರಿಂದ, ಒಂದೇ ಪ್ರಕ್ರಿಯೆ ಯಾರಿಗಾಗಿಯೂ ಕಾಯುತ್ತ ನಿಲ್ಲದೆ ಎಲ್ಲರಿಗೂ ಸರದಿಯಂತೆ ಉತ್ತರಿಸುವುದು ಸಾಧ್ಯವಾಯಿತು. ಉಳಿದರ್ಧವನ್ನು ಹೊಸ ಸರ್ವರುಗಳು ಪೂರೈಸಿದವು. ಜರ್ಮನಿಯ ಯಾನ್ ಕ್ನೆಶ್ಕೆ 2003ರಲ್ಲಿ ಕೆಗೆಲ್ಲರ ಪ್ರಶ್ನೆಗೆ ಉತ್ತರವಾಗಿಯೇ ಲೈಟ್‌ಟಿಪಿಡಿಯನ್ನು ಬರೆಯಲು ತೊಡಗಿದರು. ರಷ್ಯದ ಇಗೊರ್ ಸಿಸೊಯೆವ್ ರಾಂಬ್ಲರ್ ಎಂಬ ಜಾಲತಾಣದ ಒತ್ತಡವನ್ನು ತಾಳಲು ಬರೆದ ಎಂಜಿನ್‌ಎಕ್ಸ್ 2004ರ ಅಕ್ಟೋಬರಿನಲ್ಲಿ ಸಾರ್ವಜನಿಕವಾಯಿತು.

ಹತ್ತು ಸಾವಿರ ಸಂಪರ್ಕಗಳನ್ನು ತಾಳಲೆಂದು ಹುಟ್ಟಿದ ಈ ರಚನೆ ಹಳ್ಳಿಯ ಗ್ರಂಥಾಲಯಕ್ಕೆ ಒದಗಿಬರುವುದು ಬೇರೆಯೇ ಕಾರಣದಿಂದ. ದೊಡ್ಡ ಯಂತ್ರದಲ್ಲಿ ಹತ್ತು ಸಾವಿರ ಜನರನ್ನು ತಾಳುವ ಮಿತವ್ಯಯದ ಗುಣವೇ ಬಹಳ ಚಿಕ್ಕ ಯಂತ್ರದಲ್ಲಿ ಮೂವತ್ತು ಮಕ್ಕಳನ್ನು ತಾಳುತ್ತದೆ. ಹಳೆಯ ಲ್ಯಾಪ್‌ಟಾಪ್, 2012ರಿಂದ ಮಾರುಕಟ್ಟೆಯಲ್ಲಿರುವ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಅಷ್ಟೇಕೆ, ಒಂದು ವೈಫೈ ರೂಟರ್ ಕೂಡ ಸಾಕಾಗುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ, ಫ್ಯಾನಿಲ್ಲದೆ ಐದಾರು ವ್ಯಾಟ್ ವಿದ್ಯುತ್ತಿನಲ್ಲಿ ಓಡುವ, ಕರೆಂಟು ಹೋದಾಗ ಸಣ್ಣ ಬ್ಯಾಟರಿಯ ಮೇಲೆ ಗಂಟೆಗಟ್ಟಲೆ ನಡೆಯುವ ಯಂತ್ರವೇ ಬಾಳುವ ಯಂತ್ರ.

ಚಿಕ್ಕ ಸರ್ವರುಗಳ ಬಳಗ

ಹಗುರ ಎಂಬ ವಿಶೇಷಣ ಒಂದೇ ಅಳತೆಗೆ ಸಿಗುವಂಥದ್ದಲ್ಲ; ಓಡುವಾಗ ಹಿಡಿಯುವ ಮೆಮೊರಿ, ಡಿಸ್ಕಿನಲ್ಲಿ ಹಿಡಿಯುವ ಜಾಗ, ಅವಲಂಬಿಸುವ ಲೈಬ್ರರಿಗಳ (ಬೇರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟುಗಳ) ಸಂಖ್ಯೆ, ಸೋರ್ಸ್ ಕೋಡನ್ನು ಒಬ್ಬರು ಓದಿ ಮುಗಿಸಬಹುದೇ ಎಂಬುದು, ಈ ನಾಲ್ಕೂ ಅದರಲ್ಲಿ ಅಡಗಿವೆ. ಈ ನಾಲ್ಕು ಅಳತೆಗಳಿಂದ ನೋಡಿದರೆ ಬಳಕೆಯಲ್ಲಿರುವ ಸರ್ವರುಗಳು ಮೂರು ಗುಂಪುಗಳಾಗಿ ಒಡೆಯುತ್ತವೆ.

ಮೊದಲ ಗುಂಪಿನವು ಇದ್ದ ಕಡತವನ್ನು ಇದ್ದಂತೆ ಕೊಡುವುದಕ್ಕಷ್ಟೇ ಸೀಮಿತವಾದವು. ಎಮಿಲ್ ಮಿಕುಲಿಚ್ ಬರೆದ ಡಾರ್ಕ್‌ಎಚ್‌ಟಿಟಿಪಿಡಿ ಇಡಿಯಾಗಿ ಸಿ ಭಾಷೆಯ ಒಂದೇ ಕಡತದಲ್ಲಿದೆ. ಅದಕ್ಕೆ ಸಂರಚನಾ ಕಡತವೂ ಇಲ್ಲ, ಪ್ರೋಗ್ರಾಮನ್ನು ಕರೆಯುವಾಗ ಯಾವ ಕೋಶವನ್ನು ತೋರಿಸಬೇಕೆಂದು ಹೇಳಿದರೆ ಮುಗಿಯಿತು. ಬ್ಯುಸಿಬಾಕ್ಸ್ ಎಂಬ ಉಪಕರಣ ಸಮುಚ್ಚಯದೊಳಗೂ ಇಂಥದೊಂದು ಪುಟ್ಟ ಸರ್ವರ್ ಇದೆ. ರೂಟರುಗಳಿಗೆಂದು ರೂಪಿಸಿದ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಹಂಚಿಕೆ, ಎಂದರೆ ಲಿನಕ್ಸನ್ನೂ ಅದರ ತಂತ್ರಾಂಶಗಳನ್ನೂ ಒಟ್ಟಾಗಿ ಸಿದ್ಧಪಡಿಸಿ ಕೊಡುವ ಕಟ್ಟು, ತನ್ನದೇ ಯುಎಚ್‌ಟಿಟಿಪಿಡಿಯನ್ನು ಬಳಸುತ್ತದೆ. ಜೆಫ್ ಪೊಸ್ಕಾಂಜರ್ ಬರೆದ ಟಿಎಚ್‌ಟಿಟಿಪಿಡಿ ಇವುಗಳಿಗಿಂತ ಹಿರಿಯದು. ಯಾವ ವಿಳಾಸದ ಕಡತಗಳು ಎಷ್ಟು ವೇಗದಲ್ಲಿ ಹೋಗಬೇಕೆಂದು ಮಿತಿ ಹಾಕುವ ಅದರ ಸೌಲಭ್ಯ, ಒಬ್ಬ ವಿದ್ಯಾರ್ಥಿಯ ವಿಡಿಯೋ ಇಡೀ ತರಗತಿಯ ವೈಫೈಯನ್ನು ನುಂಗದಂತೆ ತಡೆಯಲು ಇಂದಿಗೂ ಪ್ರಸ್ತುತವಾದದ್ದು.

ಎರಡನೆಯ ಗುಂಪಿನಲ್ಲಿ ಲೈಟ್‌ಟಿಪಿಡಿ, ಎಂಜಿನ್‌ಎಕ್ಸ್, ಭದ್ರತೆಗೆ ಹೆಚ್ಚು ಒತ್ತು ಕೊಟ್ಟು ಹ್ಯೂಗೊ ಲೈಸಿಂಕ್ ಬರೆದ ಹಿಯಾವಥಾ ಮೊದಲಾದವು ಬರುತ್ತವೆ. ಇವು ಫಾಸ್ಟ್‌ಸಿಜಿಐ ಎಂಬ ಒಡಂಬಡಿಕೆಯ ಮೂಲಕ ಬೇರೊಂದು ಪ್ರೋಗ್ರಾಮಿಗೆ ಕೋರಿಕೆಯನ್ನು ದಾಟಿಸಿ, ಅದು ಆ ಕ್ಷಣ ಸಿದ್ಧಪಡಿಸಿದ ಪುಟವನ್ನು ಓದುಗನಿಗೆ ತಲುಪಿಸಬಲ್ಲವು. ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿಯಂಥ ವ್ಯವಸ್ಥೆಗಳು ಇವುಗಳ ಹಿಂದೆ ಸರಾಗವಾಗಿ ಓಡುತ್ತವೆ. ಯೂಟ್ಯೂಬ್ ತನ್ನ ಆರಂಭದ ವರ್ಷಗಳಲ್ಲಿ ವಿಡಿಯೋಗಳನ್ನು ಸಾಗಿಸಲು ಲೈಟ್‌ಟಿಪಿಡಿಯನ್ನೇ ಬಳಸಿತ್ತು. ಎಂಜಿನ್‌ಎಕ್ಸ್ ಮುಂದೆ ಕಂಪನಿಯಾಗಿ ಬೆಳೆದು 2019ರಲ್ಲಿ ಎಫ್5 ಸಂಸ್ಥೆಯ ಪಾಲಾಯಿತು. 2024ರಲ್ಲಿ ಅದರ ಹಿರಿಯ ಅಭಿವರ್ಧಕರಲ್ಲೊಬ್ಬರಾದ ಮ್ಯಾಕ್ಸಿಮ್ ಡೂನಿನ್ ಕಂಪನಿಯ ನಿರ್ಧಾರವೊಂದನ್ನು ಒಪ್ಪದೆ ಫ್ರೀಎಂಜಿನ್‌ಎಕ್ಸ್ ಎಂಬ ಕವಲನ್ನು ಆರಂಭಿಸಿದರು. ಸೋರ್ಸ್ ಕೋಡು ಮುಕ್ತವಾಗಿದ್ದುದರಿಂದಲೇ ಆ ಕವಲು ಸಾಧ್ಯವಾಯಿತು.

ಮೂರನೆಯ ಗುಂಪು ಒಂದೇ ಉದ್ದೇಶಕ್ಕೆಂದು ಮಾಡಿದ್ದು. ವಿಕಿಪೀಡಿಯವನ್ನು ಜಿಮ್ ಎಂಬ ಕುಗ್ಗಿಸಿದ ಒಂದೇ ಕಡತವಾಗಿ ಕಟ್ಟಿಕೊಡುವ ಕಿವಿಕ್ಸ್ ಯೋಜನೆ, ಆ ಕಡತದಿಂದ ನೇರವಾಗಿ ಪುಟಗಳನ್ನು ತೆಗೆದು ಕೊಡುವ ಕಿವಿಕ್ಸ್-ಸರ್ವ್ ಎಂಬ ಸರ್ವರನ್ನೂ ಒದಗಿಸುತ್ತದೆ. 2003ರಲ್ಲಿ ಆರಂಭವಾಗಿ 30,000ಕ್ಕೂ ಹೆಚ್ಚು ಲೇಖನಗಳಿಗೆ ಬೆಳೆದಿರುವ ಕನ್ನಡ ವಿಕಿಪೀಡಿಯವೂ ಈ ರೂಪದಲ್ಲಿ ಸಿಗುವುದರಿಂದ, ಕಲಬುರಗಿಯಲ್ಲಿ ಒಮ್ಮೆ ಇಳಿಸಿಕೊಂಡ ಕಡತವನ್ನು ಪೆನ್‌ಡ್ರೈವಿನಲ್ಲಿ ಹಳ್ಳಿಗೆ ಒಯ್ದರೆ ಇಂಟರ್‌ನೆಟ್ ಇಲ್ಲದ ಶಾಲೆಯಲ್ಲೂ ಹುಡುಕಾಟದ ಸೌಲಭ್ಯದೊಂದಿಗೆ ವಿಶ್ವಕೋಶ ತೆರೆದುಕೊಳ್ಳುತ್ತದೆ.

ಕಟ್ಟುವ ಹಂತಗಳು

ಸೋರ್ಸ್ ಕೋಡಿನಿಂದ ಕಟ್ಟುವುದೆಂದರೆ ಏನೆಂಬುದನ್ನು ಲೈಟ್‌ಟಿಪಿಡಿಯ ಉದಾಹರಣೆಯಿಂದ ಹತ್ತಿರವಾಗಿ ನೋಡಬಹುದು. ಅದರ ಸೋರ್ಸ್ ಕೋಡು ಕುಗ್ಗಿಸಿದ ಗಂಟಿನ ರೂಪದಲ್ಲಿ, ಟಾರ್‌ಬಾಲ್ ಎಂದು ಕರೆಯಲಾಗುವ ಒಂದೇ ಕಡತವಾಗಿ ಸಿಗುತ್ತದೆ. ಗಾತ್ರ ಒಂದು ಎಂಬಿಯ ಆಸುಪಾಸಿನಲ್ಲಿರುವುದರಿಂದ ನಿಧಾನವಾದ ಮೊಬೈಲ್ ಸಂಪರ್ಕದಲ್ಲೂ ಇಳಿಯುತ್ತದೆ. ಗಂಟನ್ನು ಬಿಚ್ಚುವ ಮುನ್ನ ಅದರ ಶಾ-256 ಮೊತ್ತವನ್ನು, ಅಂದರೆ ಕಡತದ ಒಂದು ಬಿಟ್ ಬದಲಾದರೂ ಪೂರ್ತಿ ಬದಲಾಗುವ ಬೆರಳಚ್ಚನ್ನು, ಅಭಿವರ್ಧಕರು ಪ್ರಕಟಿಸಿದ ಮೊತ್ತದೊಂದಿಗೆ ಹೋಲಿಸಿ, ಡಿಜಿಟಲ್ ಸಹಿಯನ್ನೂ ಪರೀಕ್ಷಿಸಬೇಕು. ಬಹುತೇಕರು ಅವಸರದಲ್ಲಿ ದಾಟಿಬಿಡುವ ಈ ಹಂತ ಪೂರೈಸಲು ಒಂದು ನಿಮಿಷ ಸಾಕು.

ಬಳಿಕ ಬರುವುದು ಕಾನ್ಫಿಗರ್ ಎಂಬ ಸ್ಕ್ರಿಪ್ಟನ್ನು, ಎಂದರೆ ಆದೇಶಗಳ ಕಡತವನ್ನು, ಓಡಿಸುವ ಕೆಲಸ. 1991ರಲ್ಲಿ ಡೇವಿಡ್ ಮೆಕೆಂಜಿ ಆರಂಭಿಸಿದ ಆಟೋಕಾನ್ಫ್ ಎಂಬ ಸಾಧನದಿಂದ ತಯಾರಾಗುವ ಈ ಸ್ಕ್ರಿಪ್ಟ್, ಕಟ್ಟುವ ಯಂತ್ರದಲ್ಲಿ ಕಂಪೈಲರ್ ಇದೆಯೇ, ಈಪೋಲ್ ಇದೆಯೇ, ಬೇಕಾದ ಲೈಬ್ರರಿಗಳು ಎಲ್ಲಿವೆ ಎಂದು ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಬರೆದು ಪರೀಕ್ಷಿಸುತ್ತ ಹೋಗಿ, ಕೊನೆಗೆ ಆ ಯಂತ್ರಕ್ಕೆ ಹೊಂದುವ ಕಟ್ಟುವ ಸೂಚನೆಗಳನ್ನು ಮೇಕ್‌ಫೈಲ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಹೊಸಬರು ಮೊದಲು ಎಡವುವುದು ಇಲ್ಲಿಯೇ. ವಿಳಾಸಗಳನ್ನು ಮಾದರಿಗಳೊಂದಿಗೆ ಹೊಂದಿಸಿ ನೋಡಲು ಬಳಸುವ ಪಿಸಿಆರ್‌ಇ2 ಲೈಬ್ರರಿ ಯಂತ್ರದಲ್ಲಿ ಮೊದಲೇ ಇದ್ದರೂ ಅದು ಇಲ್ಲವೆಂದು ಸ್ಕ್ರಿಪ್ಟ್ ಅರ್ಧದಲ್ಲೇ ನಿಲ್ಲುತ್ತದೆ. ಏಕೆಂದರೆ ಡೆಬಿಯನ್, ಉಬುಂಟು ಮೊದಲಾದ ಹಂಚಿಕೆಗಳು ಓಡುವ ಲೈಬ್ರರಿಯನ್ನು ಒಂದು ಪ್ಯಾಕೇಜಿನಲ್ಲೂ, ಅದನ್ನು ಬಳಸಿ ಹೊಸ ಪ್ರೋಗ್ರಾಮು ಕಟ್ಟಲು ಬೇಕಾದ ಹೆಡರ್ ಕಡತಗಳನ್ನು ಹೆಸರಿನ ಕೊನೆಯಲ್ಲಿ ಡೆವ್ ಎಂದಿರುವ ಇನ್ನೊಂದು ಪ್ಯಾಕೇಜಿನಲ್ಲೂ ಇಡುತ್ತವೆ. ಆ ಎರಡನೆಯದನ್ನು ಹಾಕಿಕೊಂಡರೆ ದಾರಿ ತೆರೆಯುತ್ತದೆ; ಅಥವಾ ಆ ಸೌಲಭ್ಯವೇ ಬೇಡವೆಂದು ಕಾನ್ಫಿಗರಿಗೆ ಹೇಳಿ ಮುಂದುವರಿಯಬಹುದು. ಬೇಕಾದ್ದನ್ನು ಇಟ್ಟುಕೊಂಡು ಬೇಡವಾದ್ದನ್ನು ಬಿಡುವ ಈ ಆಯ್ಕೆಯೇ ಸೋರ್ಸ್ ಕೋಡಿನಿಂದ ಕಟ್ಟುವುದರ ಮುಖ್ಯ ಲಾಭ; ಸೇರಿಸದ ಭಾಗದಲ್ಲಿ ನಾಳೆ ಯಾವ ದೋಷ ಪತ್ತೆಯಾದರೂ ಅದು ಈ ಸರ್ವರನ್ನು ತಾಗುವುದಿಲ್ಲ.

ಮೂರನೆಯ ಹಂತ ಮೇಕ್. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಈ ಸಾಧನ, ಯಾವ ಕಡತ ಬದಲಾಗಿದೆಯೋ ಅದನ್ನೂ ಅದನ್ನು ಅವಲಂಬಿಸಿದವನ್ನೂ ಮಾತ್ರ ಕಂಪೈಲ್ ಮಾಡಿಸುತ್ತದೆ; ಕಂಪೈಲ್ ಎಂದರೆ ಸಿ ಭಾಷೆಯ ಬರವಣಿಗೆಯನ್ನು ಆ ಪ್ರೊಸೆಸರಿಗೆ ಅರ್ಥವಾಗುವ ಆದೇಶಗಳಾಗಿ ಪರಿವರ್ತಿಸುವುದು. ರಾಸ್‌ಬೆರಿ ಪೈಯಂಥ ಯಂತ್ರದಲ್ಲೂ ಇದು ಕೆಲವು ನಿಮಿಷಗಳ ಕೆಲಸ. ಕೊನೆಯ ಹಂತವಾದ ಮೇಕ್ ಇನ್‌ಸ್ಟಾಲ್ ತಯಾರಾದ ಕಡತಗಳನ್ನು ಯುಎಸ್‌ಆರ್-ಲೋಕಲ್ ಎಂಬ ಕೋಶದೊಳಗೆ ಇಡುತ್ತದೆ. ಹಂಚಿಕೆಯ ಪ್ಯಾಕೇಜುಗಳು ಮುಟ್ಟದ, ಕಟ್ಟಿಕೊಂಡವರಿಗೆಂದೇ ಬಿಟ್ಟ ಜಾಗ ಅದು.

ಇಷ್ಟಾದರೂ ಸರ್ವರ್ ಇನ್ನೂ ನಡೆಯುವ ಸ್ಥಿತಿಗೆ ಬಂದಿರುವುದಿಲ್ಲ. ಸಿದ್ಧ ಪ್ಯಾಕೇಜಿನೊಂದಿಗೆ ಬರುವ ಸಂರಚನಾ ಕಡತ ಇಲ್ಲಿ ಜಾಗಕ್ಕೆ ಬಂದು ಕೂರುವುದಿಲ್ಲ, ಟಾರ್‌ಬಾಲಿನೊಳಗಿನ ಮಾದರಿಯನ್ನು ನೋಡಿ ಬರೆದುಕೊಳ್ಳಬೇಕು; ಯಂತ್ರ ಚಾಲೂ ಆದಾಗ ಸರ್ವರ್ ತಾನಾಗಿ ಏಳುವಂತೆ, ಲಿನಕ್ಸಿನಲ್ಲಿ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿಗೆ ಒಂದು ಸೂಚನಾ ಕಡತ ಕೊಡಬೇಕು. ಯುನಿಕ್ಸ್ ಪರಂಪರೆಯಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು, ಎಂದರೆ ಸಂಪರ್ಕಗಳು ಬಂದು ಸೇರುವ ಸಂಖ್ಯೆಯುಳ್ಳ ದ್ವಾರಗಳನ್ನು, ತೆರೆಯಲು ಇಡೀ ಯಂತ್ರದ ಮೇಲೆ ಹಿಡಿತ ಕೊಡುವ ರೂಟ್ ಅಧಿಕಾರ ಬೇಕು, ವೆಬ್ಬಿನ ಪೋರ್ಟು 80. ಆದ್ದರಿಂದ ಸರ್ವರ್ ರೂಟ್ ಆಗಿ ಎದ್ದು, ಪೋರ್ಟನ್ನು ಹಿಡಿದ ಕೂಡಲೇ ಅಧಿಕಾರವನ್ನು ತ್ಯಜಿಸಿ ಸಾಮಾನ್ಯ ಬಳಕೆದಾರನಾಗಿ ಇಳಿಯುವಂತೆ ಸಂರಚಿಸಬೇಕು. ಇದನ್ನು ಮರೆತು ರೂಟ್ ಆಗಿಯೇ ಓಡಲು ಬಿಟ್ಟರೆ, ಸರ್ವರಿನಲ್ಲಿನ ಒಂದು ಸಣ್ಣ ಬಿರುಕು ಇಡೀ ಯಂತ್ರದ ಬಾಗಿಲಾಗುತ್ತದೆ. ಕರೆಂಟು ಹಠಾತ್ತಾಗಿ ಹೋಗುವ ಊರುಗಳಲ್ಲಿ ಮೆಮೊರಿ ಕಾರ್ಡಿನ ಕಡತ ವ್ಯವಸ್ಥೆಯನ್ನು ಓದಲು ಮಾತ್ರ ತೆರೆದಿಟ್ಟು, ಲಾಗ್ ಎಂಬ ದಿನಚರಿಯನ್ನು ಬೇರೆ ಜಾಗಕ್ಕೆ ಬರೆಸುವ ಏರ್ಪಾಡೂ ಇಷ್ಟೇ ಮುಖ್ಯ; ಬರೆಯುತ್ತಿದ್ದ ಹೊತ್ತಿಗೆ ಕರೆಂಟು ಹೋಗಿ ಕಾರ್ಡು ಕೆಡುವುದು ಚಿಕ್ಕ ಕಂಪ್ಯೂಟರುಗಳ ಸಾಮಾನ್ಯ ರೋಗ.

ಕನ್ನಡದ ಅಕ್ಷರ, ಸರ್ವರಿನ ಲೆಕ್ಕ

ಕನ್ನಡದ ಪುಟಗಳನ್ನು ಕೊಡುವ ಸರ್ವರಿಗೆ ಇಂಗ್ಲಿಷಿನ ಮಾರ್ಗದರ್ಶಿಗಳು ಹೇಳದ ಕೆಲವು ಸಂಗತಿಗಳು ಎದುರಾಗುತ್ತವೆ. ಯುಟಿಎಫ್-8 ಎಂಬ ಬರಹ ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ವ್ಯಂಜನ, ಸ್ವರಚಿಹ್ನೆ, ವಿರಾಮ ಇವೆಲ್ಲ ಬೇರೆ ಬೇರೆ ಸಂಕೇತಗಳು. ಕಿಣ್ಣಿ ಸುಲ್ತಾನ ಎಂಬ ಹೆಸರಿನಲ್ಲಿ 13 ಕನ್ನಡ ಸಂಕೇತಗಳೂ ನಡುವೆ ಒಂದು ಖಾಲಿ ಜಾಗವೂ ಇರುವುದರಿಂದ ಅದು 40 ಬೈಟ್ ಆಗುತ್ತದೆ. ಅದೇ ಹೆಸರು ವಿಳಾಸದ ಪಟ್ಟಿಯಲ್ಲಿ ಸಾಗುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರವಾಗಿ ಹಿಗ್ಗಿ 120 ಅಕ್ಷರ ತಲುಪುತ್ತದೆ. ಲಿನಕ್ಸಿನ ಎಕ್ಸ್ಟ್4 ಕಡತ ವ್ಯವಸ್ಥೆ ಕಡತದ ಹೆಸರಿಗೆ 255 ಬೈಟಿನ ಮಿತಿ ಇಟ್ಟಿರುವುದರಿಂದ ಕನ್ನಡದ ಹೆಸರು 85 ಸಂಕೇತಗಳನ್ನು ಮೀರುವಂತಿಲ್ಲ. ಪುಸ್ತಕದ ಉದ್ದ ಶೀರ್ಷಿಕೆ, ಲೇಖಕರು, ಪ್ರಕಾಶಕರ ಹೆಸರುಗಳನ್ನೆಲ್ಲ ಕಡತದ ಹೆಸರಿನಲ್ಲೇ ಸೇರಿಸುವ ಅಭ್ಯಾಸ ಇಲ್ಲಿ ಮುರಿದು ಬೀಳುತ್ತದೆ.

ಬೈಟುಗಳ ಈ ಹೊರೆಗೆ ಅಲ್ಲೇ ಒಂದು ಮದ್ದೂ ಇದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಸಿಕ್ಕ ಜಾಗ ಎಂಥದೆಂದರೆ ಪ್ರತಿ ಸಂಕೇತದ ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡೇ ಮೌಲ್ಯಗಳಲ್ಲಿ ಒಂದು. ಹೀಗೆ ಮತ್ತೆ ಮತ್ತೆ ಬರುವ ಬೈಟುಗಳನ್ನು ಜಿಜಿಪ್ ಮೊದಲಾದ ಸಂಕುಚನ ವಿಧಾನಗಳು ಬಹಳ ಚೆನ್ನಾಗಿ ಕುಗ್ಗಿಸುತ್ತವೆ. ಆದ್ದರಿಂದ ಹಗುರವಾಗಲೆಂದು ಜಿಲಿಬ್ ಎಂಬ ಸಂಕುಚನ ಲೈಬ್ರರಿಯನ್ನು ಕೈಬಿಟ್ಟು ಸರ್ವರ್ ಕಟ್ಟುವುದು ಕನ್ನಡದ ಮಟ್ಟಿಗೆ ತಪ್ಪು ಮಿತವ್ಯಯ. ಡಿಸ್ಕಿನಲ್ಲಿ ಕೆಲವು ನೂರು ಕೆಬಿ ಉಳಿಸಿ, ಪ್ರತಿ ಪುಟದ ಮೇಲೂ ವೈಫೈ ಸಮಯವನ್ನು ಕಳೆದುಕೊಂಡಂತಾಗುತ್ತದೆ.

ಕಡತದ ಬಗೆಯನ್ನು ತಿಳಿಸುವ ತಲೆಬರಹದಲ್ಲೂ ಕನ್ನಡಕ್ಕೆ ಎಚ್ಚರ ಬೇಕು. ಪುಟ ಎಚ್‌ಟಿಎಂಎಲ್ ಎಂದಷ್ಟೇ ಹೇಳಿ ಅದು ಯುಟಿಎಫ್-8ರಲ್ಲಿದೆ ಎಂದು ಸರ್ವರಾಗಲಿ ಪುಟವಾಗಲಿ ತಿಳಿಸದಿದ್ದರೆ, ಬ್ರೌಸರ್ ಅದನ್ನು ಪಶ್ಚಿಮ ಯುರೋಪಿನ ಲಿಪಿಯೆಂದು ಊಹಿಸಿ ಒಂದೊಂದು ಕನ್ನಡ ಸಂಕೇತದ ಜಾಗದಲ್ಲೂ ಮೂರು ಮೂರು ಅಪರಿಚಿತ ಗುರುತುಗಳನ್ನು ತೋರಿಸಬಹುದು. ಸಂರಚನೆಯ ಪಟ್ಟಿಯಲ್ಲಿಲ್ಲದ ಬಗೆಯ ಕಡತವಾದರೆ ತೆರೆಯುವ ಬದಲು ಇಳಿಸಿಕೊಳ್ಳಲು ಹೊರಡುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳದ್ದು ಇನ್ನೊಂದು ಪಾಡು. ಅವು ಯುನಿಕೋಡಿನಲ್ಲಿಲ್ಲದ ಕಾರಣ ಆ ಫಾಂಟಿಲ್ಲದ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ, ಹುಡುಕಾಟಕ್ಕೂ ಸಿಗುವುದಿಲ್ಲ. ಪಂಚಾಯಿತಿಯ ಹಳೆಯ ದಾಖಲೆಗಳನ್ನು ಸರ್ವರಿಗೆ ಏರಿಸುವ ಮುನ್ನ ಅವನ್ನು ಯುನಿಕೋಡಿಗೆ ಪರಿವರ್ತಿಸುವ ಕೆಲಸ ಸರ್ವರ್ ಕಟ್ಟುವುದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ಕರ್ನಾಟಕದ ಅನುಭವ

ಸೋರ್ಸ್ ಕೋಡಿನಿಂದ ಕಟ್ಟುವ ಸಂಸ್ಕೃತಿ ಕರ್ನಾಟಕಕ್ಕೆ ಬಂದದ್ದು ಬಹುಮಟ್ಟಿಗೆ ಸಿ.ಡಿ.ಗಳ ಮೂಲಕ. ಇಂಟರ್‌ನೆಟ್ ದುಬಾರಿಯೂ ಅಪರೂಪವೂ ಆಗಿದ್ದ 1996ರಿಂದ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಗಳೊಂದಿಗೆ ಲಿನಕ್ಸ್ ಸಿ.ಡಿ.ಗಳನ್ನು ಹಂಚತೊಡಗಿತು, ಆ ಕೆಲಸದ ಹಿಂದಿದ್ದ ಅತುಲ್ ಚಿಟ್ನಿಸ್ ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮಾವೇಶದ, ಮುಂದೆ ಫಾಸ್ ಡಾಟ್ ಇನ್ ಎಂದು ಹೆಸರಾಗಿ 2012ರವರೆಗೆ ನಡೆದ ಸಮಾವೇಶ ಸರಣಿಯ ಸಂಘಟಕರಲ್ಲಿ ಮುಖ್ಯರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಮುಕ್ತ ತಂತ್ರಾಂಶದಲ್ಲಿ ತರಬೇತಿ ಕೊಟ್ಟು, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೊಂದಿಗೆ ಸೇರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ, ಮೀಡಿಯಾವಿಕಿಯ ಮೇಲೆ ನಿಂತ ಜಾಲತಾಣವನ್ನು ಬೆಳೆಸಿತು. ಸಾಮಗ್ರಿಯನ್ನು ಶಿಕ್ಷಕರೇ ಬರೆಯುವ ಈ ಮಾದರಿ, ಸ್ಥಳೀಯ ಸರ್ವರಿನಲ್ಲಿ ಏನಿಡಬೇಕು ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ.

ಹಳ್ಳಿಯಲ್ಲೇ ಸರ್ವರ್ ಎಂಬ ಕಲ್ಪನೆಗೆ ಕರ್ನಾಟಕದಲ್ಲಿ ಅತಿ ಹತ್ತಿರದ ಉದಾಹರಣೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿ ಜನಸ್ತು ಸಂಸ್ಥೆ ನಡೆಸಿದ ಸಮುದಾಯ ವೈರ್‌ಲೆಸ್ ಮೆಶ್ ಪ್ರಯೋಗ. ಮೆಶ್ ಎಂದರೆ ಒಂದು ಕೇಂದ್ರವನ್ನೇ ನೆಚ್ಚದೆ ರೂಟರುಗಳು ಒಂದರಿಂದೊಂದಕ್ಕೆ ಸಂದೇಶ ದಾಟಿಸುವ ಜಾಲ. ಹೊರಗಿನ ಇಂಟರ್‌ನೆಟ್ ಇಲ್ಲದಾಗಲೂ ಊರಿನೊಳಗಿನ ಚಿಕ್ಕ ಸರ್ವರಿನಿಂದ ಸ್ಥಳೀಯರೇ ದಾಖಲಿಸಿದ ಧ್ವನಿ, ಕಥೆಗಳು ಸಿಗಬೇಕು, ಓದು ಬಾರದವರೂ ಅದನ್ನು ಬಳಸುವಂತಿರಬೇಕು ಎಂಬ ಅದರ ಆಶಯ ಕಲಬುರಗಿ ಸೀಮೆಗೆ ಇನ್ನೂ ಹೆಚ್ಚು ಹೊಂದುತ್ತದೆ. ಮಹಾರಾಷ್ಟ್ರದ ಗಡಿಗೆ ತಾಗಿದ ಆಳಂದ, ಅಫಜಲಪುರಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ದಖನಿಗಳೂ ಮನೆಮಾತುಗಳಾಗಿವೆ, ಇವುಗಳ ಮಾತಿನ ಸಂಪತ್ತು ಬರಹಕ್ಕಿಂತ ಧ್ವನಿಯಲ್ಲೇ ಹೆಚ್ಚು.

ಇಂಥ ಪ್ರಯತ್ನಕ್ಕೆ ಬೇಕಾದ ಸಂಸ್ಥೆಗಳು ಈ ಭಾಗದಲ್ಲಿ ಇಲ್ಲದಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ 1958ರಿಂದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜಿದೆ. ಗ್ರಾಮೀಣ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಅರಿವು ಕೇಂದ್ರಗಳಾಗಿ ಬದಲಾಗುತ್ತಿವೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ, 2011ರಲ್ಲಿ ಮಂಜೂರಾಗಿ ಈಗ ಭಾರತ್‌ನೆಟ್ ಎಂದು ಕರೆಯಲಾಗುವ ಯೋಜನೆಯೂ ಇದೆ. ಫೈಬರ್ ಬಂದ ಮೇಲೆ ಸ್ಥಳೀಯ ಸರ್ವರ್ ಏಕೆಂಬ ಪ್ರಶ್ನೆ ಏಳಬಹುದು; ಒಂದೇ ಪಾಠದ ವಿಡಿಯೋವನ್ನು ಮೂವತ್ತು ಫೋನುಗಳು ಮೂವತ್ತು ಸಲ ದೂರದಿಂದ ತರಿಸುವುದಕ್ಕಿಂತ, ಒಮ್ಮೆ ತರಿಸಿ ಊರಲ್ಲೇ ಹಂಚುವುದು ಫೈಬರ್ ಇರುವಲ್ಲೂ ಲಾಭವೇ.

ಕಟ್ಟಿದ ಮೇಲೆ

ಈ ಚರ್ಚೆಯ ಕಠಿಣ ಭಾಗ ಇಲ್ಲಿಂದ ಆರಂಭವಾಗುತ್ತದೆ. ಸಿದ್ಧ ಪ್ಯಾಕೇಜನ್ನು ಹಾಕಿಕೊಂಡವರಿಗೆ ಡೆಬಿಯನ್ನಿನಂಥ ಹಂಚಿಕೆಯ ಭದ್ರತಾ ತಂಡ ಕಾವಲಾಗಿರುತ್ತದೆ, ದೋಷ ಪತ್ತೆಯಾದಾಗ ತಿದ್ದಿದ ಪ್ಯಾಕೇಜು ಮಾಮೂಲಿ ನವೀಕರಣದೊಂದಿಗೆ ಬರುತ್ತದೆ. ಯುಎಸ್‌ಆರ್-ಲೋಕಲ್ ಕೋಶದಲ್ಲಿ ತಾನೇ ಕಟ್ಟಿ ಇಟ್ಟದ್ದನ್ನು ಯಾರೂ ಬಂದು ನವೀಕರಿಸುವುದಿಲ್ಲ. 2014ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ಈ ವ್ಯತ್ಯಾಸ ಎದ್ದುಕಂಡಿತು. ಲೈಬ್ರರಿಯನ್ನು ಹಂಚಿಕೊಂಡು ಬಳಸುವ ಪ್ರೋಗ್ರಾಮುಗಳಿಗೆ ಲೈಬ್ರರಿಯನ್ನು ಬದಲಿಸಿ ಮರುಚಾಲನೆ ಮಾಡಿದರೆ ಸಾಕಾಗಿತ್ತು. ಲೈಬ್ರರಿಯನ್ನು ತನ್ನೊಳಗೇ ಬೆಸೆದುಕೊಂಡ, ಎಂದರೆ ಸ್ಟ್ಯಾಟಿಕ್ ಆಗಿ ಕಟ್ಟಿದ, ಪ್ರೋಗ್ರಾಮುಗಳನ್ನು ಒಂದೊಂದಾಗಿ ಹುಡುಕಿ ಮರಳಿ ಕಟ್ಟಬೇಕಾಯಿತು.

ಕಾವಲಿಲ್ಲದ ಹಗುರ ಸರ್ವರ್ ಏನಾಗಬಹುದೆಂಬುದಕ್ಕೆ ಬೋವಾ ಸರ್ವರಿನ ಕಥೆಗಿಂತ ಗಟ್ಟಿಯಾದ ಸಾಕ್ಷಿ ಬೇಡ. ಒಂದೇ ಪ್ರಕ್ರಿಯೆಯಲ್ಲಿ ಎಲ್ಲ ಸಂಪರ್ಕಗಳನ್ನೂ ನೋಡಿಕೊಳ್ಳುವ ಈ ಚಿಕ್ಕ ಸರ್ವರ್ ರೂಟರು, ಕ್ಯಾಮೆರಾಗಳ ತಯಾರಕರಿಗೆ ಬಹಳ ಇಷ್ಟವಾಗಿತ್ತು. ಅದರ ಅಭಿವೃದ್ಧಿ 2005ರಲ್ಲೇ ನಿಂತುಹೋದರೂ, ಚಿಪ್ ಕಂಪನಿಗಳು ಸಾಧನ ತಯಾರಕರಿಗೆ ಕೊಡುವ ತಂತ್ರಾಂಶದ ಗಂಟುಗಳಲ್ಲಿ ಅದು ಹಾಗೆಯೇ ಉಳಿಯಿತು. ಭಾರತದ ವಿದ್ಯುತ್ ಜಾಲದ ಹೊರೆ ನಿರ್ವಹಣಾ ಕೇಂದ್ರಗಳ ಮೇಲಿನ ಸೈಬರ್ ದಾಳಿಗಳ ಬಗ್ಗೆ 2022ರ ಏಪ್ರಿಲಿನಲ್ಲಿ ವರದಿಯೊಂದು ಬಂತು. ಆ ದಾಳಿಗಳಲ್ಲಿ ಬಳಕೆಯಾದ ವಿಳಾಸಗಳನ್ನು ಬೆನ್ನಟ್ಟಿದ ಮೈಕ್ರೋಸಾಫ್ಟ್ ಅದೇ ವರ್ಷದ ನವೆಂಬರಿನಲ್ಲಿ ಬೆರಳು ತೋರಿಸಿದ್ದು ಹದಿನೇಳು ವರ್ಷದಿಂದ ಯಾರೂ ನೋಡಿಕೊಳ್ಳದ ಬೋವಾದ ಕಡೆಗೆ. ಒಂದೇ ವಾರದಲ್ಲಿ ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಬೋವಾ ಘಟಕಗಳು ಇಂಟರ್‌ನೆಟ್ಟಿಗೆ ತೆರೆದುಕೊಂಡಿ‍ದ್ದದ್ದು ಆ ಕಂಪನಿಯ ಗಮನಕ್ಕೆ ಬಂದಿತ್ತು. ಸರ್ವರ್ ಎಷ್ಟೇ ಹಗುರವಿರಲಿ, ಅದು ತನ್ನ ಮನೆಯಲ್ಲಿದೆ ಎಂಬುದೇ ಮನೆಯವರಿಗೆ ಗೊತ್ತಿಲ್ಲದಿದ್ದರೆ ಅದರ ಹಗುರತನದಿಂದ ಯಾವ ರಕ್ಷಣೆಯೂ ಸಿಗದು.

ಸೋರ್ಸ್ ಕೋಡನ್ನು ಕಣ್ಣಾರೆ ಕಂಡು ಕಟ್ಟಿದರೆ ನಂಬಬಹುದೆಂಬ ವಾದಕ್ಕೂ ಮಿತಿಯಿದೆ. ಕಂಪೈಲರೇ ಕಳ್ಳ ಬಾಗಿಲನ್ನು ಸೇರಿಸುವಂತಿದ್ದರೆ ಸೋರ್ಸ್ ಕೋಡಿನಲ್ಲಿ ಅದರ ಸುಳಿವೇ ಸಿಗದೆಂದು ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ 1984ರಲ್ಲೇ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ತೋರಿಸಿಕೊಟ್ಟಿದ್ದರು. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಸಂಕುಚನ ಸಾಧನದಲ್ಲಿ ಅದಕ್ಕೆ ಹತ್ತಿರದ ಘಟನೆಯೇ ನಡೆಯಿತು: ನಿರ್ವಾಹಕರ ವಿಶ್ವಾಸ ಗಳಿಸಿದ್ದ ವ್ಯಕ್ತಿ ಪ್ರಕಟಿಸಿದ ಟಾರ್‌ಬಾಲಿನಲ್ಲಿ, ಸಾರ್ವಜನಿಕ ಕೋಡ್ ಭಂಡಾರದಲ್ಲಿ ಇಲ್ಲದ ಒಂದು ಕಡತವಿತ್ತು, ಕಾನ್ಫಿಗರ್ ಓಡುವಾಗ ಅದು ಎಚ್ಚೆತ್ತು, ಪರೀಕ್ಷಾ ಕಡತಗಳೊಳಗೆ ಅಡಗಿಸಿಟ್ಟ ಕಳ್ಳ ಬಾಗಿಲನ್ನು ಲೈಬ್ರರಿಗೆ ಬೆಸೆಯುತ್ತಿತ್ತು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಎಂದಿಗಿಂತ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಅನುಮಾನಿಸಿ ಬೆನ್ನಟ್ಟಿದ ಅಭಿವರ್ಧಕ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆಹಚ್ಚಿದರು. ಆ ಟಾರ್‌ಬಾಲಿನ ಸಹಿ ಸರಿಯಾಗಿಯೇ ಇತ್ತು. ಸಹಿ ಹೇಳುವುದು ಯಾರು ಕೊಟ್ಟರೆಂಬುದನ್ನು, ಕೊಟ್ಟದ್ದು ಒಳ್ಳೆಯದೋ ಅಲ್ಲವೋ ಎಂಬುದನ್ನಲ್ಲ. ಆದರೂ ಫ್ರಾಯಿಂಡ್ ಅನುಮಾನವನ್ನು ಮೂಲದವರೆಗೆ ಬೆನ್ನಟ್ಟಲು ಸಾಧ್ಯವಾದದ್ದು ಸೋರ್ಸ್ ಕೋಡು ಎಲ್ಲರ ಮುಂದೆ ತೆರೆದಿದ್ದುದರಿಂದ ಎಂಬುದನ್ನೂ ಮರೆಯುವಂತಿಲ್ಲ.

ಯಾರು ಕಟ್ಟಬೇಕು

ಈ ಎಲ್ಲವನ್ನೂ ತೂಗಿ ನೋಡಿದರೆ ಉತ್ತರ ಎಲ್ಲರಿಗೂ ಒಂದೇ ಆಗಲಾರದು. ಕಿಣ್ಣಿ ಸುಲ್ತಾನದಂಥ ಊರಿನ ಗ್ರಂಥಾಲಯಕ್ಕೆ, ಅಲ್ಲಿನ ಮೇಲ್ವಿಚಾರಕರ ಮೇಲೆ ಬೇರೆ ಕೆಲಸಗಳ ಹೊರೆ ಇರುವಾಗ, ಹಂಚಿಕೆಯ ಸಿದ್ಧ ಪ್ಯಾಕೇಜು ಮತ್ತು ಕಿವಿಕ್ಸ್‌ನಂಥ ಏಕೋದ್ದೇಶ ಸರ್ವರೇ ಸೂಕ್ತ. ನವೀಕರಣವೂ ತಾನಾಗಿ ಆಗುವಂತಿರಬೇಕು, ಸರ್ವರ್ ಊರಿನ ವೈಫೈಗೆ ಮಾತ್ರ ಕಾಣುವಂತಿರಬೇಕು. ಹೊರಗಿನ ಇಂಟರ್‌ನೆಟ್ಟಿಗೆ ಅದನ್ನು ತೆರೆದರೆ ಹೊಣೆಗಳು ಒಮ್ಮೆಲೇ ಹೆಚ್ಚುತ್ತವೆ. ಸೇವಾದಾತರು, ಸಂಸ್ಥೆಗಳು, ಸರ್ಕಾರಿ ಕಚೇರಿಗಳು ಲಾಗುಗಳನ್ನು 180 ದಿನ ಉಳಿಸಬೇಕು, ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ತಿಳಿಸಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನಗಳು ವಿಧಿಸುತ್ತವೆ.

ಸೋರ್ಸ್ ಕೋಡಿನಿಂದ ಕಟ್ಟುವುದು ಮೂರು ಸಂದರ್ಭಗಳಲ್ಲಿ ಸಮರ್ಥನೀಯ. ಸಿದ್ಧ ಪ್ಯಾಕೇಜೇ ಸಿಗದ ರೂಟರಿನಂಥ ಯಂತ್ರವಾದಾಗ. ಅಗತ್ಯವಾದ ಸೌಲಭ್ಯ ಪ್ಯಾಕೇಜಿನಲ್ಲಿ ಇಲ್ಲದಾಗ ಅಥವಾ ಅನಗತ್ಯವಾದದ್ದನ್ನು ಕಿತ್ತುಹಾಕಲೇಬೇಕಾದಾಗ. ಮತ್ತು ಕಲಿಕೆಯೇ ಉದ್ದೇಶವಾದಾಗ. ಮೂರನೆಯದು ಕಡೆಯದಾದರೂ ಕಲಬುರಗಿ ಸೀಮೆಯ ಮಟ್ಟಿಗೆ ಅತಿ ಮುಖ್ಯವಾದದ್ದು. ಸಂರಚನೆ, ಅನುಮತಿ, ಪೋರ್ಟು, ಲೈಬ್ರರಿ, ಅಕ್ಷರ ಸಂಕೇತ ಇವೆಲ್ಲ ಬಿಡಿಬಿಡಿ ಪಾಠಗಳಾಗಿ ಕಲಿತವರಿಗಿಂತ, ಒಂದು ಸರ್ವರನ್ನು ಬುಡದಿಂದ ಕಟ್ಟಿ ಅದು ಏಳದೆ ಹೋದಾಗ ಲಾಗನ್ನು ಓದಿ ಕಾರಣ ಹುಡುಕಿದ ವಿದ್ಯಾರ್ಥಿಗೆ ಇಡೀ ವ್ಯವಸ್ಥೆಯ ನಡೆ ತಿಳಿಯುತ್ತದೆ. ಅದೇ ವಿದ್ಯಾರ್ಥಿ ಮುಂದೆ ಸಿದ್ಧ ಪ್ಯಾಕೇಜನ್ನು ಹಾಕಿದಾಗಲೂ ಒಳಗೇನಿದೆ ಎಂಬುದನ್ನು ಬಲ್ಲವನಾಗಿರುತ್ತಾನೆ.

ಹೀಗಾಗಿ ಕಟ್ಟುವ ಕೆಲಸ ಕಾಲೇಜಿನಲ್ಲೂ ಬಳಸುವ ಕೆಲಸ ಹಳ್ಳಿಯಲ್ಲೂ ನಡೆದು, ಎರಡರ ನಡುವೆ ಕಾಯುವ ಹೊಣೆ ಹೊತ್ತ ಒಂದು ಕೊಂಡಿ ಇರುವುದೇ ಹೆಚ್ಚು ಕಾಲ ಬಾಳುವ ಏರ್ಪಾಡು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೋ ವಿಶ್ವವಿದ್ಯಾಲಯದ ವಿಭಾಗವೋ ಒಂದು ಸರ್ವರನ್ನು ಆಯ್ದು, ಕನ್ನಡಕ್ಕೆ ಒಗ್ಗುವ ಸಂರಚನೆಯೊಂದಿಗೆ ಕಟ್ಟಿ, ತನ್ನದೇ ಪ್ಯಾಕೇಜಾಗಿ ಸಹಿಹಾಕಿ ಹಂಚಿದರೆ, ಐವತ್ತು ಹಳ್ಳಿಗಳು ಐವತ್ತು ಬಾರಿ ಕಂಪೈಲ್ ಮಾಡುವ ಬದಲು ಒಂದೇ ಕಡೆ ದೋಷ ತಿದ್ದಿದರೆ ಸಾಕಾಗುತ್ತದೆ. ಅಂಥ ಏರ್ಪಾಡಿಗೆ ಬೇಕಾದ ಹಣ ಕಡಿಮೆ, ತಂತ್ರಾಂಶವಂತೂ ಉಚಿತ. ದುಬಾರಿಯಾದದ್ದು ಪ್ರತಿ ವರ್ಷ ಹೊಸ ತಂಡ ಬಂದು ಹಳೆಯ ತಂಡ ಪದವಿ ಪಡೆದು ಹೊರಟಾಗಲೂ ಕೆಲಸದ ಎಳೆ ಕಡಿಯದಂತೆ ನೋಡಿಕೊಳ್ಳುವ ಶಿಸ್ತು. ಯಾವ ಆವೃತ್ತಿ ಎಲ್ಲಿದೆ, ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದು, ಕೊನೆಯ ಬಾರಿ ಯಾವಾಗ ನವೀಕರಿಸಿದ್ದು ಎಂಬುದನ್ನು ಕನ್ನಡದಲ್ಲೇ ಬರೆದಿಟ್ಟ ಒಂದು ವಹಿ ಸರ್ವರಿನಷ್ಟೇ ಅಗತ್ಯದ ಸಾಧನ. ಆ ವಹಿಯನ್ನು ಯಾರು ಇಡುತ್ತಾರೆಂಬುದು ತೀರ್ಮಾನವಾದ ಮೇಲಷ್ಟೇ ಟಾರ್‌ಬಾಲನ್ನು ಇಳಿಸಿಕೊಳ್ಳುವುದು ಸರಿಯಾದ ಕ್ರಮ.